ಪ್ರಾಜೆಕ್ಟ್ ವರದಿಯನ್ನು ಮೊದಲ ವಾರದಲ್ಲೇ ಏಕೆ ಬರೆಯಬೇಕು

ಅಂತಿಮ ವರ್ಷದ ಪ್ರಾಜೆಕ್ಟ್ ವರದಿಗಳ ಕರಡುಗಳು ನನ್ನ ಮೇಜಿಗೆ ಬರುವುದು ಸಾಮಾನ್ಯವಾಗಿ ಸಲ್ಲಿಕೆಗೆ ಎರಡು ವಾರ ಉಳಿದಿರುವಾಗ. ಕೆಲವು ವರ್ಷಗಳ ಹಿಂದೆ ಹೀಗೆಯೇ ಬಂದ ಒಂದು ಕರಡು ಈಗಲೂ ನನ್ನ ನೆನಪಿನಲ್ಲಿದೆ. ಕೋಣೆಯ ಉಷ್ಣಾಂಶವನ್ನು ಅಳೆದು, ಅದು ನಿಗದಿತ ಮಿತಿಯನ್ನು ದಾಟಿದಾಗ ಫ್ಯಾನನ್ನು ತಾನಾಗಿಯೇ ಚಾಲೂ ಮಾಡುವ ಸಣ್ಣ ಸಾಧನವೊಂದನ್ನು ನಾಲ್ವರು ವಿದ್ಯಾರ್ಥಿಗಳು ಸೇರಿ ತಯಾರಿಸಿದ್ದರು. ಸಾಧನ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ನಾನೇ ಕಣ್ಣಾರೆ ನೋಡಿದ್ದೆ. ಆದರೆ ವರದಿಯ ಎರಡನೆಯ ಅಧ್ಯಾಯದಲ್ಲಿ ಸೆನ್ಸರ್ ಪ್ರತಿ 10 ಸೆಕೆಂಡಿಗೊಮ್ಮೆ ಉಷ್ಣಾಂಶವನ್ನು ಅಳೆಯುತ್ತದೆ ಎಂದಿದ್ದರೆ, ನಾಲ್ಕನೆಯ ಅಧ್ಯಾಯದ ಕೋಷ್ಟಕದಲ್ಲಿ ನಿಮಿಷಕ್ಕೆ ಒಂದೇ ಅಳತೆ ಇತ್ತು. ಆ ಒಂದೇ ಬಿಡಿಭಾಗಕ್ಕೆ ಒಂದು ಕಡೆ ಸೆನ್ಸರ್ ಎಂದೂ ಇನ್ನೊಂದು ಕಡೆ ಸಂವೇದಕ ಎಂದೂ ಮತ್ತೊಂದು ಕಡೆ ಪ್ರೋಬ್ ಎಂದೂ ಹೆಸರಿತ್ತು. ಗ್ರಾಫಿನ ಲಂಬ ಅಕ್ಷದಲ್ಲಿ ಏಕಮಾನವೇ ಇರಲಿಲ್ಲ. ಹತ್ತು ಸೆಕೆಂಡೋ ಒಂದು ನಿಮಿಷವೋ, ಎರಡರಲ್ಲಿ ಯಾವುದು ಸರಿ ಎಂದು ಕೇಳಿದಾಗ ನಾಲ್ವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

ಅವರು ದುಡಿಯಲಿಲ್ಲವೆಂದು ಯಾರೂ ಹೇಳುವಂತಿರಲಿಲ್ಲ. ಸರ್ಕಿಟ್ ಒಬ್ಬರಿಗೆ, ಪ್ರೋಗ್ರಾಂ ಒಬ್ಬರಿಗೆ, ಪರೀಕ್ಷೆಯ ಕೆಲಸ ಒಬ್ಬರಿಗೆ, ಟೈಪಿಂಗ್ ಮತ್ತು ಬೈಂಡಿಂಗ್ ಇನ್ನೊಬ್ಬರಿಗೆ ಎಂದು ಮೊದಲ ದಿನವೇ ಹಂಚಿಕೊಂಡು, ನಾಲ್ಕು ತಿಂಗಳು ತಮ್ಮ ತಮ್ಮ ಪಾಡಿಗೆ ದುಡಿದು, ಕೊನೆಯಲ್ಲಿ ನಾಲ್ಕು ಫೈಲುಗಳನ್ನು ಒಂದಕ್ಕೊಂದು ಅಂಟಿಸಿದ್ದರು. ಬಹಳ ವರ್ಷ ಇಂಥ ಕರಡುಗಳನ್ನು ತಿದ್ದಿದ ಮೇಲೆ ನನಗೆ ಮನವರಿಕೆಯಾಗಿರುವುದೇನೆಂದರೆ, ವರದಿಯಲ್ಲಿ ನಮ್ಮ ಕಣ್ಣಿಗೆ ಬೀಳುವ ತಪ್ಪುಗಳಲ್ಲಿ ಭಾಷೆಯ ತಪ್ಪುಗಳು ಕಡಿಮೆ. ಹೆಚ್ಚಿನವು ತಂಡ ನಡೆದ ರೀತಿಯಲ್ಲಿಯೇ ಹುಟ್ಟಿ, ಕೊನೆಗೆ ಕಾಗದದ ಮೇಲೆ ಕಾಣಿಸಿಕೊಂಡವು. ಆದ್ದರಿಂದ ವರದಿಯನ್ನು ಪ್ರಾಜೆಕ್ಟಿನ ಕೊನೆಯ ಹಂತವೆಂದು ತಿಳಿಯದೆ, ಮೊದಲ ವಾರದಿಂದಲೇ ತಂಡವನ್ನು ನಡೆಸುವುದಕ್ಕೆ ಅದನ್ನು ಬಳಸಿಕೊಳ್ಳಬೇಕೆಂದು ನಾನು ಈಗ ಪ್ರತಿಯೊಂದು ತಂಡಕ್ಕೂ ಹೇಳುತ್ತೇನೆ.

ತಂಡದ ಗಾತ್ರದಿಂದಲೇ ಆರಂಭಿಸೋಣ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗಲ್‌ಮಾನ್ ಹಗ್ಗ ಎಳೆಯುವವರ ಬಲವನ್ನು ಅಳೆದು 1913ರಲ್ಲಿ ಪ್ರಕಟಿಸಿದ ಫಲಿತಾಂಶ ಈ ವಿಷಯದಲ್ಲಿ ಪ್ರಸಿದ್ಧವಾದದ್ದು: ಎಳೆಯುವವರ ಸಂಖ್ಯೆ ಹೆಚ್ಚಿದಂತೆ ಒಟ್ಟು ಬಲ ಹೆಚ್ಚಿದರೂ, ತಲಾ ಬಲ ಕುಗ್ಗುತ್ತಾ ಹೋಗಿ, ಎಂಟು ಜನರಾಗುವ ಹೊತ್ತಿಗೆ ಒಂಟಿಯಾಗಿ ಎಳೆಯುವಾಗಿನ ಸುಮಾರು ಅರ್ಧಕ್ಕೆ ಇಳಿದಿತ್ತು. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದಿರುವುದರಿಂದ ಹೀಗಾಗುತ್ತದೆಯೋ ಅಥವಾ ಪ್ರತಿಯೊಬ್ಬರೂ ಸ್ವಲ್ಪ ಸ್ವಲ್ಪ ಕೈ ಸಡಿಲಿಸುತ್ತಾರೋ ಎಂಬ ಪ್ರಶ್ನೆಯನ್ನು 1979ರಲ್ಲಿ ಮನೋವಿಜ್ಞಾನಿಗಳಾದ ಬಿಬ್ ಲಟಾನೆ, ಕಿಪ್ಲಿಂಗ್ ವಿಲಿಯಮ್ಸ್ ಮತ್ತು ಸ್ಟೀಫನ್ ಹಾರ್ಕಿನ್ಸ್ ಚಪ್ಪಾಳೆ ಮತ್ತು ಕೂಗಿನ ಪ್ರಯೋಗಗಳಿಂದ ಪರಿಶೀಲಿಸಿದರು. ಕಣ್ಣಿಗೆ ಬಟ್ಟೆ ಕಟ್ಟಿ, ಕಿವಿಗೆ ಹೆಡ್‌ಫೋನ್ ಹಾಕಿ, ತಮ್ಮೊಂದಿಗೆ ಇತರರೂ ಕೂಗುತ್ತಿದ್ದಾರೆಂದು ನಂಬಿಸಿದರೆ ಸಾಕು, ಒಬ್ಬೊಬ್ಬರೇ ಕೂಗುತ್ತಿದ್ದರೂ ಜನರ ದನಿ ತಗ್ಗುತ್ತಿತ್ತು. ಇದೇ ಸಂಶೋಧಕರು ಮುಂದೆ ಕಂಡುಕೊಂಡ ಸಂಗತಿಯೇ ಶಿಕ್ಷಕರಿಗೂ ವಿದ್ಯಾರ್ಥಿಗಳಿಗೂ ಹೆಚ್ಚು ಉಪಯುಕ್ತವಾದದ್ದು: ಯಾರ ದನಿ ಎಷ್ಟು ಎಂಬುದು ಬೇರೆ ಬೇರೆಯಾಗಿ ಗೊತ್ತಾಗುತ್ತದೆಂದು ತಿಳಿದಾಗ ಈ ತಗ್ಗುವಿಕೆ ಇಲ್ಲವಾಗುತ್ತಿತ್ತು.

ಸೋಮಾರಿತನವನ್ನು ಸ್ವಭಾವವೆಂದು ತಿಳಿದು ಬೈಯುವ ಮೊದಲು, ಕೆಲಸ ಯಾರದೆಂದು ತಿಳಿಯದಂಥ ಏರ್ಪಾಡನ್ನು ನಾವೇ ಮಾಡಿಟ್ಟಿದ್ದೇವೆಯೇ ಎಂದು ನೋಡಿಕೊಳ್ಳಬೇಕು. ಮೂವರ ತಂಡದಲ್ಲಿ ಪರಸ್ಪರ ಮಾತುಕತೆ ಇರಬೇಕಾದ ಜೋಡಿಗಳು ಮೂರು, ನಾಲ್ವರಲ್ಲಿ ಆರು, ಆರು ಜನರಲ್ಲಿ ಹದಿನೈದು, ಎಂಟು ಜನರಲ್ಲಿ ಇಪ್ಪತ್ತೆಂಟು. ಆಯ್ಕೆಯ ಅವಕಾಶವಿದ್ದರೆ ಮೂವರು ಅಥವಾ ನಾಲ್ವರಿಗಿಂತ ದೊಡ್ಡ ತಂಡವನ್ನು ಕಟ್ಟಬೇಡಿ ಎಂಬುದು ನನ್ನ ಸಲಹೆ. ದೊಡ್ಡ ತಂಡವೇ ಅನಿವಾರ್ಯವಾದರೆ ಅದರೊಳಗೆ ಎರಡು ಚಿಕ್ಕ ತಂಡಗಳನ್ನು ಮಾಡಿಕೊಳ್ಳುವುದು ಒಳ್ಳೆಯದು.

ಕೆಲಸವನ್ನು ಹಂಚುವಾಗ ಸಾಮಾನ್ಯವಾಗಿ ನಡೆಯುವ ಒಂದು ತಪ್ಪನ್ನು ಇಲ್ಲಿ ವಿವರವಾಗಿ ಹೇಳಬೇಕು. ತಂಡದಲ್ಲಿ ಚೆನ್ನಾಗಿ ಬರೆಯುವವರು ಒಬ್ಬರಿದ್ದರೆ ವರದಿಯ ಪೂರ್ತಿ ಹೊಣೆ ಅವರ ತಲೆಗೆ ಬೀಳುತ್ತದೆ. ಇದರಿಂದ ಬರೆಯುವವರಿಗೂ ನಷ್ಟ, ಉಳಿದವರಿಗೂ ನಷ್ಟ. ಬರೆಯುವವರು ತಾವು ಮಾಡದ ಕೆಲಸವನ್ನು ಊಹಿಸಿ ಬರೆಯಬೇಕಾಗುತ್ತದೆ. ಮಾಡಿದವರಿಗೆ ತಮ್ಮ ಕೆಲಸವನ್ನು ಮಾತಿನಲ್ಲಿ ಹಿಡಿದಿಡುವ ಅಭ್ಯಾಸವೇ ಆಗುವುದಿಲ್ಲ. ನಾನು ಒತ್ತಾಯಿಸುವ ಪದ್ಧತಿ ಸರಳವಾದದ್ದು: ಯಾವ ಭಾಗವನ್ನು ಯಾರು ಮಾಡಿದರೋ ಅದರ ಮೊದಲ ಕರಡನ್ನು ಅವರೇ ಬರೆಯಬೇಕು, ಆ ಭಾಗದಲ್ಲಿ ಕೈಯಾಡಿಸದ ಇನ್ನೊಬ್ಬರು ಅದನ್ನು ಓದಿ ತಮಗೆ ಅರ್ಥವಾಗದ ಕಡೆಯಲ್ಲೆಲ್ಲಾ ಪ್ರಶ್ನೆ ಬರೆಯಬೇಕು, ಚೆನ್ನಾಗಿ ಬರೆಯುವವರು ಕೊನೆಯಲ್ಲಿ ಇಡೀ ವರದಿಗೆ ಒಂದೇ ದನಿ ಬರುವಂತೆ ಹದ ಮಾಡಬೇಕು. ಪ್ರಶ್ನೆ ಬರೆಯುವ ಕೆಲಸವನ್ನು ನಾನು ಬಹಳ ಮುಖ್ಯವೆಂದು ಎಣಿಸುತ್ತೇನೆ. ಪ್ರೋಗ್ರಾಂ ಬರೆದ ವಿದ್ಯಾರ್ಥಿಗೆ ಸಹಜವಾಗಿ ತೋರುವ ಹೆಜ್ಜೆಯನ್ನು ಸರ್ಕಿಟ್ ಮಾಡಿದ ವಿದ್ಯಾರ್ಥಿ 'ಇದೇಕೆ ಹೀಗೆ?' ಎಂದು ಕೇಳಿದಾಗಲೇ, ಹೊರಗಿನ ಓದುಗರು ಎಲ್ಲಿ ಎಡವುತ್ತಾರೆ ಎಂಬುದು ತಿಳಿಯುತ್ತದೆ.

ಕೆಲಸಕ್ಕೆ ಹೆಸರಿಡುವುದರಲ್ಲೂ ಎಚ್ಚರ ಬೇಕು. 'ಹಿಂದಿನ ಅಧ್ಯಯನಗಳ ಸಮೀಕ್ಷೆ ಮಾಡುವುದು' ಎಂದು ಬರೆದಿಟ್ಟ ಕೆಲಸ ಎಂದಿಗೂ ಮುಗಿಯುವುದಿಲ್ಲ, ಏಕೆಂದರೆ ಅದು ಮುಗಿದಿದೆ ಎಂದು ಹೇಳುವುದಕ್ಕೆ ಗುರುತೇ ಇಲ್ಲ. 'ಶುಕ್ರವಾರದೊಳಗೆ ಐದು ಲೇಖನಗಳನ್ನು ಓದಿ, ಒಂದೊಂದರ ಬಗ್ಗೆ ಅವರು ಏನು ಮಾಡಿದರು, ಏನು ಕಂಡರು, ನಮಗೆ ಅದರಿಂದ ಏನು ಉಪಯೋಗ ಎಂದು ಮೂರು ವಾಕ್ಯ ಬರೆದು ಹಂಚಿಕೊಂಡ ಫೋಲ್ಡರಿನಲ್ಲಿ ಇಡುವುದು' ಎಂದರೆ ಶುಕ್ರವಾರ ಸಂಜೆ ಅದು ಆಗಿದೆಯೋ ಇಲ್ಲವೋ ಎಂಬುದರಲ್ಲಿ ಚರ್ಚೆಗೆ ಅವಕಾಶವಿಲ್ಲ. ಜೊತೆಗೆ ಆ ಹದಿನೈದು ವಾಕ್ಯಗಳು ವರದಿಯಲ್ಲಿ ಸಮೀಕ್ಷೆಯ ಭಾಗದ ಬೀಜವಾಗುತ್ತವೆ.

ವಾರಕ್ಕೊಮ್ಮೆ ನಡೆಯುವ ಸಭೆಗೆ ಅರ್ಧ ಪುಟದ ಟಿಪ್ಪಣಿ ಇರಬೇಕು: ಏನು ನಿರ್ಧಾರವಾಯಿತು, ಯಾರು ಮಾಡುತ್ತಾರೆ, ಯಾವ ದಿನದೊಳಗೆ, ಮತ್ತು ಆ ನಿರ್ಧಾರಕ್ಕೆ ಕಾರಣವೇನು. ಮೊದಲ ಮೂರನ್ನು ಅನೇಕರು ಬರೆಯುತ್ತಾರೆ, ನಾಲ್ಕನೆಯದನ್ನು ಬಿಡುತ್ತಾರೆ. ಆದರೆ ತಿಂಗಳುಗಳ ನಂತರ ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಪರೀಕ್ಷಕರು ಕೇಳುವುದು ಆ ನಾಲ್ಕನೆಯದನ್ನೇ. ನನ್ನ ಮಾರ್ಗದರ್ಶನದಲ್ಲಿದ್ದ ಮತ್ತೊಂದು ತಂಡದ ವರ್ಕ್ ಡೈರಿಯಲ್ಲಿ ಮೂರನೆಯ ವಾರದ ಕೆಳಗೆ ಪೆನ್ಸಿಲಿನಲ್ಲಿ ಎರಡು ಸಾಲು ಇದ್ದವು: 'ಮೊದಲು ಆರಿಸಿದ ಮೋಟಾರು ಹೊರೆ ಹೊತ್ತಾಗ ಬಿಸಿಯಾಗಿ ನಿಂತುಹೋಗುತ್ತಿದೆ. ಹೆಚ್ಚು ಟಾರ್ಕ್ (ತಿರುಗಿಸುವ ಬಲ) ಇರುವುದನ್ನು ತೆಗೆದುಕೊಳ್ಳೋಣ, ವೇಗ ಕಡಿಮೆಯಾದರೂ ಪರವಾಗಿಲ್ಲ.' ವರದಿಯ ವಿನ್ಯಾಸದ ಅಧ್ಯಾಯದಲ್ಲಿ ಮೋಟಾರಿನ ಆಯ್ಕೆ ಕುರಿತ ಒಂದು ಪೂರ್ತಿ ಪುಟ ಬೆಳೆದದ್ದು ಈ ಎರಡು ಸಾಲುಗಳಿಂದ. ನಿಧಾನವಾದ ಮೋಟಾರನ್ನು ಏಕೆ ಬಳಸಿದಿರಿ ಎಂದು ಪರೀಕ್ಷಕರು ಕೇಳಿದಾಗ, ಆ ದಿನದ ಸಭೆಗೆ ಬಾರದಿದ್ದ ವಿದ್ಯಾರ್ಥಿನಿಯೇ ಎದ್ದು ನಿಂತು ಸ್ಪಷ್ಟವಾಗಿ ಉತ್ತರಿಸಿದಳು, ಏಕೆಂದರೆ ಅವಳು ಟಿಪ್ಪಣಿಯನ್ನು ಓದಿದ್ದಳು. ವಾಟ್ಸಾಪ್ ಗುಂಪಿನಲ್ಲಿ ನಡೆದ ಚರ್ಚೆ ಇಂಥ ಟಿಪ್ಪಣಿಗೆ ಬದಲಿಯಾಗಲಾರದು. ಅಲ್ಲಿ ನಿರ್ಧಾರಗಳು ನೂರಾರು ಸಂದೇಶಗಳ ನಡುವೆ ಹೂತುಹೋಗುತ್ತವೆ.

ಸಮಯದ ಲೆಕ್ಕದಲ್ಲಿ ನಮ್ಮೆಲ್ಲರಿಗೂ ಮೋಸವಾಗುತ್ತದೆ. ಮನೋವಿಜ್ಞಾನಿಗಳಾದ ರೋಜರ್ ಬ್ಯೂಲರ್, ಡೇಲ್ ಗ್ರಿಫಿನ್ ಮತ್ತು ಮೈಕಲ್ ರಾಸ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪದವಿಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಅದನ್ನು ಸರಾಸರಿ ಸುಮಾರು 34 ದಿನಗಳಲ್ಲಿ ಮುಗಿಸುತ್ತೇವೆಂದು ಅಂದಾಜು ಮಾಡಿದ್ದರು. ಎಲ್ಲವೂ ಕೆಟ್ಟದಾಗಿ ನಡೆದರೆ ಎಷ್ಟು ದಿನ ಹಿಡಿಯಬಹುದೆಂದು ಕೇಳಿದಾಗ ಬಂದ ಸರಾಸರಿ ಉತ್ತರ ಸುಮಾರು 49 ದಿನ. ನಿಜವಾಗಿ ಹಿಡಿದದ್ದು ಸರಾಸರಿ 55 ದಿನಗಳಿಗೂ ಹೆಚ್ಚು. ಅಂದರೆ ಅವರ ಭಯದ ಅಂದಾಜು ಕೂಡ ಸಾಲಲಿಲ್ಲ. ಇದು ಒಬ್ಬೊಬ್ಬರೇ ಮಾಡುವ ಕೆಲಸದ ಕಥೆ. ನಾಲ್ವರ ಕೆಲಸ ಒಂದರ ಮೇಲೊಂದು ನಿಂತಿರುವಾಗ ಒಬ್ಬರ ವಿಳಂಬ ಉಳಿದ ಮೂವರನ್ನೂ ಹಿಂದಕ್ಕೆ ಎಳೆಯುತ್ತದೆ. ತಡವಾದ ಸಾಫ್ಟ್‌ವೇರ್ ಪ್ರಾಜೆಕ್ಟಿಗೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆಂದು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಬ್ರೂಕ್ಸ್ 1975ರಲ್ಲಿ ಹೇಳಿದ್ದು ವಿದ್ಯಾರ್ಥಿಗಳ ಕೊನೆಯ ವಾರಕ್ಕೂ ಅನ್ವಯಿಸುತ್ತದೆ: ಸಲ್ಲಿಕೆಗೆ ಮೂರು ದಿನ ಇರುವಾಗ ಗೆಳೆಯರನ್ನು ನೆರವಿಗೆ ಕರೆದರೆ, ಅವರಿಗೆ ವಿಷಯವನ್ನು ತಿಳಿಸಿಕೊಡುವುದರಲ್ಲೇ ಇರುವ ಸಮಯವೂ ಕಳೆದುಹೋಗುತ್ತದೆ.

ಸಲ್ಲಿಕೆಯ ದಿನದಿಂದ ಹಿಂದಕ್ಕೆ ಎಣಿಸಿಕೊಂಡು ಬರುವುದು, ಒಟ್ಟು ಅವಧಿಯ ಅರ್ಧ ಕಳೆಯುವುದರೊಳಗೆ ಎಲ್ಲ ಭಾಗಗಳನ್ನೂ ಒಮ್ಮೆ ಜೋಡಿಸಿ ನೋಡುವುದು, ಈ ಎರಡನ್ನು ನಾನು ಎಂದೂ ಬಿಟ್ಟುಕೊಡುವುದಿಲ್ಲ. ಭಾಗಗಳು ಅರೆಬರೆಯಾಗಿದ್ದರೂ ಚಿಂತೆಯಿಲ್ಲ, ಜೋಡಣೆ ಮುಖ್ಯ. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳನ ಬಳಿ ನಾಶವಾದದ್ದಕ್ಕೆ ಮೂಲ ಕಾರಣವೇನೆಂದು ನೋಡಿದರೆ, ನೌಕೆಯ ಸಣ್ಣ ಎಂಜಿನ್‌ಗಳ ನೂಕುಬಲದ ಲೆಕ್ಕವನ್ನು ಒಂದು ತಂಡದ ಸಾಫ್ಟ್‌ವೇರ್ ಪೌಂಡ್-ಸೆಕೆಂಡುಗಳಲ್ಲಿ ಕೊಡುತ್ತಿತ್ತು, ಅದನ್ನು ಬಳಸುತ್ತಿದ್ದ ಇನ್ನೊಂದು ತಂಡ ಅವು ನ್ಯೂಟನ್-ಸೆಕೆಂಡುಗಳೆಂದು ಭಾವಿಸಿತ್ತು. ಒಂದು ಪೌಂಡ್ ಬಲವೆಂದರೆ ಸುಮಾರು 4.45 ನ್ಯೂಟನ್. ಎರಡೂ ಕಡೆಯವರು ತಮ್ಮ ಮಟ್ಟಿಗೆ ಲೆಕ್ಕವನ್ನು ಸರಿಯಾಗಿಯೇ ಮಾಡಿದ್ದರು. ತಪ್ಪು ಇದ್ದದ್ದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಅಂಕಿ ದಾಟುವ ಜಾಗದಲ್ಲಿ. ಗ್ರಾಫಿನ ಅಕ್ಷದಲ್ಲಿ ಏಕಮಾನ ಬರೆಯದ ವಿದ್ಯಾರ್ಥಿಗೆ ನಾನು ಈ ನೌಕೆಯ ಕಥೆಯನ್ನು ಪೂರ್ತಿಯಾಗಿ ಹೇಳುತ್ತೇನೆ.

ಇನ್ನು ಕೆಲಸ ಮಾಡದ ಸಹಪಾಠಿಯ ವಿಷಯ. ಇದನ್ನು ಬರೆಯುವಾಗ ನನ್ನ ವಿದ್ಯಾರ್ಥಿ ದಿನಗಳ ಒಂದು ಪ್ರಾಜೆಕ್ಟನ್ನು ಹೇಳದೆ ಮುಂದೆ ಹೋಗಲಾರೆ. ಐವರ ಆ ತಂಡದಲ್ಲಿ ಮುಕ್ಕಾಲು ಪಾಲು ಕೆಲಸವನ್ನು ನಾನೊಬ್ಬನೇ ಮಾಡಿದೆನೆಂಬ ಕಹಿ ನನ್ನಲ್ಲಿ ಬಹಳ ಕಾಲ ಉಳಿದಿತ್ತು. ವರ್ಷಗಳ ನಂತರ ಆ ಗೆಳೆಯರಲ್ಲಿ ಒಬ್ಬ ಸಮಾಧಾನದಿಂದಲೇ ಹೇಳಿದ: "ನಾವು ಬರೆದು ಕೊಟ್ಟದ್ದನ್ನೆಲ್ಲ ನೀನು ರಾತ್ರೋರಾತ್ರಿ ಅಳಿಸಿ ಹೊಸದಾಗಿ ಬರೆಯುತ್ತಿದ್ದೆ. ಎರಡು ಸಲ ಹಾಗಾದ ಮೇಲೆ ನಾವು ಬರೆಯುವುದನ್ನು ಬಿಟ್ಟೆವು." ಅವನು ಹೇಳಿದ್ದು ನಿಜ. ಅವರ ಕರಡಿನಲ್ಲಿ ಏನು ಕೊರತೆಯಿದೆ ಎಂದು ಹೇಳುವುದಕ್ಕೆ ಬೇಕಾದ ಹತ್ತು ನಿಮಿಷವನ್ನು ಉಳಿಸಲು ಹೋಗಿ ನಾನು ನಾಲ್ವರ ಉತ್ಸಾಹವನ್ನು ಕಳೆದಿದ್ದೆ. ಅಂದಿನಿಂದ, ಒಬ್ಬರು ಕೆಲಸ ಮಾಡುತ್ತಿಲ್ಲವೆಂಬ ದೂರು ಬಂದಾಗ ನಾನು ಮೊದಲು ವಿಚಾರಿಸುವುದು ಅವರಿಗೆ ಕೊಟ್ಟ ಕೆಲಸ ಏನೆಂಬುದನ್ನು, ಅದು ಯಾವ ಮಾತುಗಳಲ್ಲಿ ಬರೆದಿತ್ತು ಎಂಬುದನ್ನು, ಅವರು ಕೊನೆಯ ಬಾರಿ ಕೊಟ್ಟ ಕೆಲಸಕ್ಕೆ ತಂಡ ಏನು ಪ್ರತಿಕ್ರಿಯೆ ಕೊಟ್ಟಿತು ಎಂಬುದನ್ನು. ಎಷ್ಟೋ ಸಂದರ್ಭಗಳಲ್ಲಿ ದೂರು ಅಲ್ಲಿಗೇ ಕರಗುತ್ತದೆ.

ಕರಗದ ಸಂದರ್ಭಗಳೂ ಇವೆ, ಮತ್ತು ಅಂಥಲ್ಲಿ ಎಲ್ಲರಿಗೂ ಒಂದೇ ಅಂಕ ಕೊಡುವುದು ಅನ್ಯಾಯವೆಂದೇ ನಾನು ನಂಬುತ್ತೇನೆ. ಸಂಶೋಧನಾ ಪತ್ರಿಕೆಗಳಲ್ಲಿ ಈಗ ಪ್ರತಿಯೊಬ್ಬ ಲೇಖಕರ ಕೊಡುಗೆಯನ್ನು ಪರಿಕಲ್ಪನೆ, ವಿಧಾನ, ಸಾಫ್ಟ್‌ವೇರ್, ದತ್ತಾಂಶದ ನಿರ್ವಹಣೆ, ಮೊದಲ ಕರಡು ಎಂಬಂತೆ ಬಿಡಿಸಿ ಬರೆಯುವ ಪದ್ಧತಿ ಬಂದಿದೆ. ಕ್ರೆಡಿಟ್ ಎಂದು ಕರೆಯಲಾಗುವ ವರ್ಗೀಕರಣದಲ್ಲಿ ಇಂಥ 14 ಪಾತ್ರಗಳಿವೆ. ವಿದ್ಯಾರ್ಥಿ ವರದಿಯಲ್ಲೂ ಅರ್ಧ ಪುಟದ ಕೊಡುಗೆಯ ವಿವರವಿದ್ದು, ಅದಕ್ಕೆ ಎಲ್ಲ ಸದಸ್ಯರೂ ಸಹಿ ಹಾಕಿದರೆ, ಮಾರ್ಗದರ್ಶಕರು ಊಹೆಯಿಂದ ಅಂಕ ಕೊಡಬೇಕಾಗುವುದಿಲ್ಲ.

ವರದಿಯ ಬರವಣಿಗೆಗೆ ಬರುತ್ತೇನೆ. ಪೀಠಿಕೆ, ವಿಧಾನ, ಫಲಿತಾಂಶ, ಚರ್ಚೆ ಎಂಬ ಕ್ರಮ ಎಲ್ಲರಿಗೂ ತಿಳಿದಿದೆ. ಆದರೆ ಓದುವ ಕ್ರಮದಲ್ಲಿಯೇ ಬರೆಯಬೇಕೆಂಬ ನಿಯಮವಿಲ್ಲ. ವಿಧಾನದ ಅಧ್ಯಾಯವನ್ನು ಕೆಲಸ ನಡೆಯುತ್ತಿರುವಾಗಲೇ ಬರೆಯಬೇಕು, ಏಕೆಂದರೆ ಯಾವ ರೆಸಿಸ್ಟರ್ ಬಳಸಿದೆವು, ಎಷ್ಟು ಬಾರಿ ಅಳೆದೆವು, ಪ್ರಶ್ನಾವಳಿಯನ್ನು ಎಷ್ಟು ಜನರಿಗೆ ಕೊಟ್ಟೆವು ಎಂಬುದು ಎರಡೇ ತಿಂಗಳಲ್ಲಿ ಮರೆತುಹೋಗುತ್ತದೆ. ನಂತರ ಫಲಿತಾಂಶ, ಅದರ ಮೇಲೆ ಚರ್ಚೆ, ಆಮೇಲೆ ಪೀಠಿಕೆ. ಸಾರಾಂಶವನ್ನು ಎಲ್ಲಕ್ಕಿಂತ ಕೊನೆಗೆ ಬರೆಯಬೇಕು, ಮತ್ತು ಅದರಲ್ಲಿ ಮುಖ್ಯ ಫಲಿತಾಂಶದ ಅಂಕಿ ಇರಲೇಬೇಕು. ನಿಮ್ಮ ಓದುಗರು ಯಾರೆಂದು ಕೇಳಿದರೆ ವಿದ್ಯಾರ್ಥಿಗಳು ಪರೀಕ್ಷಕರನ್ನು ಹೆಸರಿಸುತ್ತಾರೆ. ಮುಂದಿನ ವರ್ಷ ಇದೇ ವಿಷಯವನ್ನು ಮುಂದುವರಿಸಲಿರುವ, ನಿಮ್ಮನ್ನು ಎಂದೂ ಭೇಟಿಯಾಗದ ಕಿರಿಯ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಿರಿ ಎಂದು ನಾನು ಹೇಳುತ್ತೇನೆ. ಆ ಕಿರಿಯರು ವರದಿಯೊಂದನ್ನೇ ಹಿಡಿದುಕೊಂಡು ನಿಮ್ಮ ಕೆಲಸವನ್ನು ಮತ್ತೆ ಮಾಡಲು ಸಾಧ್ಯವಾದರೆ ಪರೀಕ್ಷಕರಿಗೆ ಬೇಕಾದದ್ದೆಲ್ಲವೂ ಅದರಲ್ಲಿ ಇದ್ದೇ ಇರುತ್ತದೆ.

ವಾಕ್ಯದ ಮಟ್ಟದಲ್ಲಿ ನಾನು ಹೆಚ್ಚು ತಿದ್ದುವುದು ಎರಡು ಬಗೆಯವನ್ನು. ಮೊದಲನೆಯದು, ಹೊಗಳಿಕೆ ಅಳತೆಯ ಜಾಗದಲ್ಲಿ ಬಂದು ಕೂರುವುದು. 'ನಮ್ಮ ವ್ಯವಸ್ಥೆಯು ಅತ್ಯಂತ ಪರಿಣಾಮಕಾರಿಯಾಗಿ ಕಾರ್ಯನಿರ್ವಹಿಸಿ ಉತ್ತಮ ಫಲಿತಾಂಶವನ್ನು ನೀಡಿತು' ಎಂಬ ವಾಕ್ಯವನ್ನು ಯಾವ ಪ್ರಾಜೆಕ್ಟಿನ ವರದಿಗೆ ಬೇಕಾದರೂ ಹಾಕಬಹುದು, ಅದಕ್ಕಾಗಿಯೇ ಅದು ಯಾವುದಕ್ಕೂ ಸೇರುವುದಿಲ್ಲ. ಹಾಗೆ ಬರೆದಿದ್ದ ಫ್ಯಾನ್ ಸಾಧನದ ತಂಡವನ್ನು ಕೂರಿಸಿಕೊಂಡು ಕೇಳಿದಾಗ ಹೊರಬಂದ ವಾಕ್ಯ ಹೀಗಿತ್ತು: 'ಮಿತಿಯನ್ನು 30 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು 20 ಬಾರಿ ಪರೀಕ್ಷಿಸಿದೆವು. 18 ಬಾರಿ ಫ್ಯಾನ್ ಸರಿಯಾದ ಸಮಯಕ್ಕೆ ಚಾಲೂ ಆಯಿತು. ಉಳಿದ ಎರಡು ಬಾರಿ ಸೆನ್ಸರಿನ ತಂತಿ ಸಡಿಲವಾಗಿದ್ದರಿಂದ ಆಗಲಿಲ್ಲ.' ಸೋಲಿನ ಆ ಎರಡು ಸಲವನ್ನು ಬರೆದರೆ ಅಂಕ ಕಡಿಮೆಯಾಗುತ್ತದೆಂದು ಅವರು ಹೆದರಿದ್ದರು. ಓದುವವರಿಗೆ 18ರ ಮೇಲೆ ನಂಬಿಕೆ ಹುಟ್ಟುವುದು ಆ ಎರಡರಿಂದಲೇ.

ಎರಡನೆಯದು, 'ಲಾಯಿತು' ಎಂಬ ಕ್ರಿಯಾರೂಪದ ಅತಿಬಳಕೆ. ಅಳೆಯಲಾಯಿತು, ಬದಲಾಯಿಸಲಾಯಿತು, ನಿರ್ಧರಿಸಲಾಯಿತು ಎಂದು ಪುಟದುದ್ದಕ್ಕೂ ಬರೆದರೆ ಗಂಭೀರವಾಗಿ ಕೇಳಿಸುತ್ತದೆಂಬ ನಂಬಿಕೆ ನಮ್ಮ ವರದಿಗಳಲ್ಲಿ ಆಳವಾಗಿ ಬೇರೂರಿದೆ. ಆದರೆ ಕನ್ನಡದ ಕ್ರಿಯಾಪದ ಮಾಡಿದವರನ್ನು ತನ್ನೊಳಗೇ ಹೇಳಬಲ್ಲದು. 'ಅಳೆದೆವು' ಎಂದ ಕೂಡಲೇ ಅಳೆದವರು ನಾವೆಂದು ತಿಳಿಯುತ್ತದೆ, ವಾಕ್ಯವೂ ಚಿಕ್ಕದಾಗುತ್ತದೆ. ಅದನ್ನು ಬಿಟ್ಟು ಕರ್ತೃವನ್ನು ಅಡಗಿಸಿದರೆ, ಈ ಕೆಲಸವನ್ನು ತಂಡವೇ ಮಾಡಿತೋ, ಬೇರೆಯವರ ಲೇಖನದಿಂದ ತೆಗೆದುಕೊಂಡಿತೋ ಎಂಬುದೇ ಓದುಗರಿಗೆ ಅನುಮಾನವಾಗುತ್ತದೆ. ಎರವಲು ತಂದದ್ದಾದರೆ ಎಲ್ಲಿಂದ ತಂದದ್ದೆಂದು ಅಲ್ಲಿಯೇ ಹೇಳಬೇಕು. ಕಾಪಿ-ಪೇಸ್ಟ್ ಮಾಡಿದ ಪರಿಚ್ಛೇದವನ್ನು ಗುರುತಿಸಲು ತಂತ್ರಾಂಶ ಬೇಕಾಗಿಲ್ಲ, ಪಕ್ಕದ ಪರಿಚ್ಛೇದದ ದನಿಯೇ ಅದನ್ನು ತೋರಿಸಿಕೊಡುತ್ತದೆ.

ಮುಖ್ಯವಾದ ಮಾತನ್ನು ಮುಖ್ಯವಾದ ಜಾಗದಲ್ಲಿ ಹೇಳುವುದು ಎಷ್ಟು ದೊಡ್ಡ ವಿಷಯವಾಗಬಹುದು ಎಂಬುದಕ್ಕೆ ಕೊಲಂಬಿಯಾ ಗಗನನೌಕೆಯ ದುರಂತ ಸಾಕ್ಷಿಯಾಗಿದೆ. 2003ರ ಜನವರಿಯಲ್ಲಿ ಉಡಾವಣೆಯ ವೇಳೆ ಫೋಮಿನ ತುಂಡೊಂದು ನೌಕೆಯ ರೆಕ್ಕೆಗೆ ಬಡಿದಿತ್ತು. ಫೆಬ್ರವರಿ 1ರಂದು ಮರಳಿ ಬರುವಾಗ ನೌಕೆ ಛಿದ್ರವಾಗಿ ಏಳು ಗಗನಯಾತ್ರಿಗಳು ಸಾವಿಗೀಡಾದರು. ನೌಕೆ ಇನ್ನೂ ಕಕ್ಷೆಯಲ್ಲಿದ್ದಾಗ ಎಂಜಿನಿಯರುಗಳು ಸಿದ್ಧಪಡಿಸಿದ್ದ ಸ್ಲೈಡೊಂದನ್ನು ತನಿಖಾ ಮಂಡಳಿ ತನ್ನ ವರದಿಯಲ್ಲಿ ವಿಶೇಷವಾಗಿ ಚರ್ಚಿಸಿತು. ಅದರ ಶೀರ್ಷಿಕೆ ಸಮಾಧಾನ ಕೊಡುವಂತಿತ್ತು. ಬಡಿದ ತುಂಡು ಪರೀಕ್ಷೆಗಳಲ್ಲಿ ಬಳಸಿದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡದೆಂಬ ಮಾತು ಸ್ಲೈಡಿನ ತಳದಲ್ಲಿ, ಚಿಕ್ಕ ಅಕ್ಷರದಲ್ಲಿತ್ತು. ಇದನ್ನು ಓದಿದ ಹಿರಿಯ ಅಧಿಕಾರಿಗೆ ಪ್ರಾಣಾಪಾಯದ ಸಂಗತಿಯೆಂದು ಹೊಳೆಯದೇ ಹೋಗಬಹುದಾಗಿತ್ತು ಎಂದು ಮಂಡಳಿ ಅಭಿಪ್ರಾಯಪಟ್ಟಿತು, ಮತ್ತು ತಾಂತ್ರಿಕ ವರದಿಯ ಬದಲು ಸ್ಲೈಡುಗಳನ್ನೇ ನೆಚ್ಚಿಕೊಳ್ಳುವ ರೂಢಿಯನ್ನು ಟೀಕಿಸಿತು. ನಮ್ಮ ವಿದ್ಯಾರ್ಥಿಗಳ ಸಾಧನದಿಂದ ಯಾರ ಪ್ರಾಣಕ್ಕೂ ಅಪಾಯವಿಲ್ಲದಿರಬಹುದು, ಆದರೆ ಬರೆಯುವ ಅಭ್ಯಾಸ ರೂಪುಗೊಳ್ಳುವುದು ಈ ವಯಸ್ಸಿನಲ್ಲಿಯೇ.

ಚಿತ್ರ, ಕೋಷ್ಟಕ, ಪುಟಸಂಖ್ಯೆ, ಅಂಚುಗಳ ಬಗ್ಗೆ ಪ್ರತಿಯೊಂದು ಕಾಲೇಜಿಗೂ ತನ್ನದೇ ನಮೂನೆ ಇರುತ್ತದೆ, ಅದನ್ನು ಅನುಸರಿಸಿದರೆ ಆಯಿತು. ನಾನು ಸೇರಿಸುವುದು ಒಂದೇ ನಿಯಮ: ಪಠ್ಯದಲ್ಲಿ ಎಲ್ಲಿಯೂ ಉಲ್ಲೇಖವಾಗದ ಚಿತ್ರವನ್ನು ತೆಗೆದುಹಾಕಬೇಕು.

ಮುದ್ರಣಕ್ಕೆ ಕೊಡುವ ಮೊದಲು ಇಡೀ ತಂಡ ಒಂದೇ ಕಡೆ ಕುಳಿತು ವರದಿಯನ್ನು ಮೊದಲ ಪುಟದಿಂದ ಗಟ್ಟಿಯಾಗಿ ಓದಬೇಕು, ಒಬ್ಬೊಬ್ಬರು ತಾವು ಬರೆಯದ ಅಧ್ಯಾಯವನ್ನು. ಆರಂಭದಲ್ಲಿ ಹೇಳಿದ ಆ ನಾಲ್ವರನ್ನೂ ನಾನು ಹೀಗೆಯೇ ಒಂದು ಮಧ್ಯಾಹ್ನ ನನ್ನ ಕೋಣೆಯಲ್ಲಿ ಕೂರಿಸಿದೆ. ಮೊದಲ ಅರ್ಧ ಗಂಟೆಯಲ್ಲಿ ಸೆನ್ಸರ್, ಸಂವೇದಕ, ಪ್ರೋಬ್ ಮೂರೂ ಸೇರಿ ಸೆನ್ಸರ್ ಎಂಬ ಒಂದೇ ಹೆಸರಾಯಿತು. ಎರಡನೆಯ ಅಧ್ಯಾಯದ 10 ಸೆಕೆಂಡಿನ ಸಾಲು ಬಂದಾಗ, ಪರೀಕ್ಷೆ ನಡೆಸಿದ್ದ ಹುಡುಗ ಓದುತ್ತಿದ್ದವಳನ್ನು ತಡೆದು, ತನ್ನ ಕೋಷ್ಟಕದಲ್ಲಿರುವುದು ನಿಮಿಷಕ್ಕೊಂದು ಅಳತೆ ಎಂದ. ಪ್ರೋಗ್ರಾಂ ಬರೆದವನು ಲ್ಯಾಪ್‌ಟಾಪ್ ತೆರೆದು ಕೋಡನ್ನು ಒಂದೆರಡು ನಿಮಿಷ ನೋಡಿ, ತಲೆಯೆತ್ತಿ, "ಸರ್, ಎರಡೂ ಸರಿ" ಎಂದ. ಸೆನ್ಸರ್ 10 ಸೆಕೆಂಡಿಗೊಮ್ಮೆ ಅಳೆಯುತ್ತಿತ್ತು. ಒಂದು ಅಳತೆಯಲ್ಲಿ ಏರುಪೇರಾದರೆ ಫ್ಯಾನ್ ಸುಮ್ಮಸುಮ್ಮನೆ ಚಾಲೂ ಆಗಬಾರದೆಂದು ಅವನು ಆರು ಅಳತೆಗಳ ಸರಾಸರಿಯನ್ನು ನಿಮಿಷಕ್ಕೊಮ್ಮೆ ದಾಖಲಿಸುವಂತೆ ಮಾಡಿದ್ದ. ಇಡೀ ಪ್ರಾಜೆಕ್ಟಿನಲ್ಲಿ ಬಹುಶಃ ಅತ್ಯಂತ ಜಾಣತನದ ಆ ಹೆಜ್ಜೆಯ ಬಗ್ಗೆ ವರದಿಯಲ್ಲಿ ಒಂದು ಅಕ್ಷರವೂ ಇರಲಿಲ್ಲ, ಉಳಿದ ಮೂವರಿಗೂ ಅದು ತಿಳಿದಿರಲಿಲ್ಲ. ಅವನು ಅಲ್ಲಿಯೇ ಕುಳಿತು ಮೂರು ವಾಕ್ಯ ಬರೆದ, ಅವಳು ಅದನ್ನು ಗಟ್ಟಿಯಾಗಿ ಓದಿದಳು, ಎಲ್ಲರಿಗೂ ಅರ್ಥವಾಯಿತು, ಮುಂದಿನ ಪುಟಕ್ಕೆ ಹೋದರು.